ಚೆಂಡು ಯಾವಾಗ ಮುಟ್ಟಿತು?

ಹಾಸನದ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಕೊರಳಲ್ಲಿ ಸೀಟಿ, ಜೇಬಿನಲ್ಲಿ ಸ್ಟಾಪ್‌ವಾಚು. ನಿವೃತ್ತಿಯ ದಿನ ಸೀಟಿಯನ್ನು ಹೊಸ ಮೇಷ್ಟ್ರ ಕೈಗೆ ಕೊಟ್ಟು ಬಂದೆ, ವಾಚನ್ನು ಕೊಡಲು ಮನಸ್ಸಾಗಲಿಲ್ಲ. ಹೋದ ವರ್ಷ ಮಗಳ ಮನೆಗೆಂದು ಅಮೆರಿಕದ ಓಹಾಯೋ ರಾಜ್ಯಕ್ಕೆ ಹೋದಾಗಲೂ ಅದು ಜೇಬಿನಲ್ಲಿತ್ತು. ಅಲ್ಲಿ ಅದಕ್ಕೆ ಕೆಲಸ ಸಿಕ್ಕಿತು.

ಮೊಮ್ಮಗನಿಗೆ ಹದಿನೈದು. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಬೇಕೆಂದು ಹಟ ಹಿಡಿದಿದ್ದ. ಒಂದು ಸಂಜೆ ಮುಖ ಊದಿಸಿಕೊಂಡು ಬಂದು ಬ್ಯಾಗು ಮೂಲೆಗೆ ಎಸೆದ.

"ತಾತ, ನನ್ನ ತೋಳಲ್ಲಿ ಜೋರು ಸಾಲದಂತೆ. ಬೇರೆ ಜಾಗದಲ್ಲಿ ಆಡು ಅಂದರು."

"ಹೇಗೆ ಅಳೆದರಪ್ಪ?"

"ಎಲ್ಲರನ್ನೂ ಗೆರೆಯ ಮೇಲೆ ನಿಲ್ಲಿಸಿ ಎಷ್ಟು ದೂರ ಎಸೀತೀವಿ ಅಂತ ನೋಡಿದರು. ನಾನು ನಾಲ್ಕನೆಯವನು."

ಕೋಚನ್ನು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಕ್ರಿಕೆಟ್ ತಂಡಕ್ಕೆ ಬೌಂಡರಿ ಗೆರೆಯ ಫೀಲ್ಡರುಗಳನ್ನು ಆರಿಸುವಾಗ ನಾನು ಮಾಡಿದ್ದೂ ಅದನ್ನೇ. ಯಾರ ಚೆಂಡು ದೂರ ಬೀಳುತ್ತದೋ ಅವನಿಗೆ ಜಾಗ. ಬ್ಯಾಟ್ಸ್‌ಮನ್ ಗೆರೆ ಮುಟ್ಟುವ ಮುಂಚೆ ಚೆಂಡು ಕೀಪರ್ ಕೈಗೆ ಬಂತೇ ಎಂದು ನೋಡಬೇಕಾಗಿತ್ತು. ಹಾಗೆ ನೋಡದೆ ಎಷ್ಟು ಹುಡುಗರನ್ನು ಮನೆಗೆ ಕಳಿಸಿದ್ದೇನೋ! ಆ ಪಾಪದ ಭಾರವೇ ಇರಬೇಕು, ಆಮೇಲಿನ ನಾಲ್ಕು ತಿಂಗಳು ನಾನು ಈ ಎಸೆತದ ಹಿಂದೆ ಬಿದ್ದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದವರ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಮೈದಾನ 100 ಗಜ ಉದ್ದ, ಐವತ್ತಮೂರು ಚಿಲ್ಲರೆ ಗಜ ಅಗಲ. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು. ಕ್ವಾರ್ಟರ್‌ಬ್ಯಾಕ್ ಎಂದರೆ ಆ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಓಡುತ್ತಿರುವ ಜೊತೆಗಾರನಿಗೆ ಎಸೆಯುವವನು. ಯೋಚಿಸಿ ಎಸೆಯಲು ಅವನಿಗೆ ಸಿಗುವುದು ಎರಡೂವರೆಯಿಂದ ಮೂರು ಸೆಕೆಂಡು. ಅಷ್ಟರೊಳಗೆ ಎದುರಿನ ಕಡೆಯ ನಾಲ್ಕೈದು ದೈತ್ಯರು, ಕೆಲವರಂತೂ ನೂರಿಪ್ಪತ್ತು ಕಿಲೊ ಮೇಲ್ಪಟ್ಟವರು, ಅವನನ್ನು ಕೆಡವಲು ನುಗ್ಗಿ ಬಂದಿರುತ್ತಾರೆ.

ಮೊದಲು ಈ ಎಸೆತವೇ ಇರಲಿಲ್ಲ. ಚೆಂಡನ್ನು ಅಪ್ಪಿಕೊಂಡು ಗುಂಪಿಗೆ ಗುಂಪೇ ಗುದ್ದಾಡುವ ಆಟ ಅದು. 1905ರಲ್ಲಿ ಎಷ್ಟೋ ಹುಡುಗರು ಮೈದಾನದಲ್ಲಿ ಪೆಟ್ಟು ತಿಂದು ಸತ್ತರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸರಿಪಡಿಸಿ ಎಂದರು. ಮರುವರ್ಷ ನಿಯಮ ಬದಲಾಗಿ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. 1906ರ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರ್ಯಾಡ್‌ಬರಿ ರಾಬಿನ್ಸನ್ ಮೊದಲ ಕಾನೂನುಬದ್ಧ ಎಸೆತ ಎಸೆದ. ಯಾರೂ ಹಿಡಿಯಲಿಲ್ಲ. ಆಗಿನ ನಿಯಮದಂತೆ ಚೆಂಡು ಎದುರಾಳಿಗೆ ಹೋಯಿತು. ಆದರೂ ಅದೇ ದಿನ ಮತ್ತೆ ಎಸೆದು ಗೆದ್ದರು.

ಇನ್ನು ಚೆಂಡು. ಗುಂಡಗಿಲ್ಲ, ಎರಡೂ ತುದಿ ಚೂಪು. ಉದ್ದ 11 ಇಂಚಿನ ಮೇಲೆ ಕೂದಲೆಳೆಯಷ್ಟು, ತೂಕ 14ರಿಂದ 15 ಔನ್ಸು, ಅಂದರೆ ಸುಮಾರು 400ರಿಂದ 425 ಗ್ರಾಂ. ನಮ್ಮ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ, ಅದರ ಎರಡೂವರೆ ಪಟ್ಟು ಭಾರ ಇದು. ಹಸುವಿನ ಚರ್ಮದಿಂದ ಹೊಲಿದದ್ದು, ಬೆನ್ನ ಮೇಲೆ ಲಾಡಿ ಹಾಕಿರುತ್ತಾರೆ. ವೃತ್ತಿಪರ ಲೀಗು ಎನ್.ಎಫ್.ಎಲ್.ಗೆ ಬೇಕಾದ ಚೆಂಡುಗಳೆಲ್ಲ ಓಹಾಯೋದ ಏಡಾ ಎಂಬ ಪುಟ್ಟ ಊರಿನ ವಿಲ್ಸನ್ ಕಾರ್ಖಾನೆಯಲ್ಲೇ ತಯಾರಾಗುತ್ತವೆ. ಕೈಯಲ್ಲಿ ಹಿಡಿದಾಗ ನನಗೆ ಅನಿಸಿದ್ದು, ಸುಲಿದ ತೆಂಗಿನಕಾಯಿಯನ್ನು ಯಾರೋ ಎರಡೂ ಕಡೆ ಎಳೆದು ಚೂಪು ಮಾಡಿದ್ದಾರೆ ಅಂತ.

ತೋಳಿನ ಜೋರಿಗೆ ಬರೋಣ. ಜೋರು ಬೇಕು, ಬೇಡ ಎನ್ನುವವನಲ್ಲ ನಾನು. ಎಷ್ಟು ಬೇಕು, ಯಾಕೆ ಬೇಕು ಎಂಬುದನ್ನು ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಸ್ಕೌಟುಗಳು, ಎಂದರೆ ಊರೂರು ತಿರುಗಿ ಹುಡುಗರನ್ನು ತೂಗುವವರು, ಮೊದಲು ಕೇಳುವುದು ಒಂದೇ ಎಸೆತವನ್ನು. ಆಟ ಶುರುವಾಗುವ ಜಾಗ ಮೈದಾನದ ಒಂದು ಮಗ್ಗುಲಿನಲ್ಲಿರಬೇಕು, ಜೊತೆಗಾರ 15 ಗಜ ನೇರ ಓಡಿ ಥಟ್ಟನೆ ಎದುರಿನ ಅಂಚಿಗೆ ತಿರುಗಬೇಕು, ಚೆಂಡು ಅಲ್ಲಿ ಅವನ ಕೈಗೆ ಬೀಳಬೇಕು. ಹೆಸರಿಗೆ 15 ಗಜದ ಎಸೆತ. ಎಸೆಯುವವನು ಏಳು ಗಜ ಹಿಂದೆ ಸರಿದಿರುತ್ತಾನೆ. ಕಾಲೇಜು ಮೈದಾನದಲ್ಲಿ ಆ ಮಗ್ಗುಲಿನ ಒಳಗುರುತಿನಿಂದ ಎದುರು ಅಂಚಿಗೆ 33 ಗಜ. ಪೈಥಾಗೊರಸ್ಸನನ್ನು ಕರೆದು ಕೂಡಿಸಿದರೆ ಚೆಂಡು ಗಾಳಿಯಲ್ಲಿ ಸಾಗುವ ದೂರ 40 ಗಜದ ಆಸುಪಾಸು.

ಗಂಟೆಗೆ 60 ಮೈಲಿಯಲ್ಲಿ ಎಸೆದರೆ ಆ 40 ಗಜಕ್ಕೆ ಸುಮಾರು 1.36 ಸೆಕೆಂಡು ಬೇಕು. 50 ಮೈಲಿಯಲ್ಲಿ ಎಸೆದರೆ 1.6ಕ್ಕಿಂತ ತುಸು ಹೆಚ್ಚು. ಗಾಳಿಯ ತಡೆಯನ್ನು ಬಿಟ್ಟು ಹೇಳುತ್ತಿದ್ದೇನೆ. ವ್ಯತ್ಯಾಸ ಕಾಲು ಸೆಕೆಂಡು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಚೆಂಡು ಕಸಿಯಲು ಓಡಿ ಬರುತ್ತಿರುವ ಎದುರಾಳಿ ಸೆಕೆಂಡಿಗೆ ಎಂಟು ಗಜ ಓಡುವವನಾದರೆ, ಆ ಕಾಲು ಸೆಕೆಂಡಿನಲ್ಲಿ ಅವನು ಆರಡಿ ಹತ್ತಿರ ಬಂದಿರುತ್ತಾನೆ. ಆರಡಿ ಎಂದರೆ ಚೆಂಡು ನಮ್ಮವನ ಕೈಗೋ ಅವನ ಕೈಗೋ ಎಂಬುದು ತೀರ್ಮಾನವಾಗುವ ಅಂತರ.

ತೋಳಿನ ಜೋರು ಗಳಿಸಿಕೊಡುವುದು ಇದೊಂದನ್ನೇ, ಹೊತ್ತನ್ನು. ಈ ಕಾಲು ಸೆಕೆಂಡನ್ನು ಬೇರೆ ಕಡೆಯಿಂದಲೂ ಗಳಿಸಬಹುದು, ಬೇರೆ ಕಡೆ ಕಳೆಯಲೂಬಹುದು. ಎಸೆಯುವ ಮುಂಚೆ ಚೆಂಡನ್ನು ಸೊಂಟದ ತನಕ ಇಳಿಸಿ ದೊಡ್ಡ ಸುತ್ತು ಹಾಕಿ ಮೇಲೆ ತಂದರೆ ಹೊತ್ತು ಹೋಯಿತು. ಜೊತೆಗಾರ ತಿರುಗಿದ್ದನ್ನು ಕಣ್ಣಾರೆ ಕಂಡ ಮೇಲೆ ಎಸೆಯುತ್ತೇನೆಂದರೆ ಇನ್ನೂ ಹೆಚ್ಚು ಹೋಯಿತು. ಅವನು ತಿರುಗುವ ಮುಂಚೆಯೇ, ತಿರುಗಿ ಎಲ್ಲಿರುತ್ತಾನೋ ಆ ಖಾಲಿ ಜಾಗಕ್ಕೆ ಎಸೆಯಬಲ್ಲವನು ಹತ್ತು ಮೈಲಿ ವೇಗವನ್ನು ಪುಕ್ಕಟೆ ಸಂಪಾದಿಸಿದಂತೆ.

ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಕಾಲೇಜು ಮುಗಿಸಿದ ಹುಡುಗರನ್ನು ನಿಲ್ಲಿಸಿ ಎತ್ತರ, ತೂಕ, ಓಟ ಎಲ್ಲ ಅಳೆಯುತ್ತಾರೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಷ್ಟಗಲ ಎಂದೂ ನೋಡುತ್ತಾರೆ. ನಮ್ಮ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದು ನೆನಪಾಯಿತು ನನಗೆ. ಎಸೆದ ಚೆಂಡಿಗೆ ರೇಡಾರ್ ಹಿಡಿಯುತ್ತಾರೆ. 2018ರಲ್ಲಿ ಜಾಶ್ ಆಲನ್ ಎಂಬವನ ಚೆಂಡು ಗಂಟೆಗೆ 62 ಮೈಲಿ ಹೋಯಿತು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 100 ಕಿಲೊಮೀಟರು. ಅದೇ ವರ್ಷ, ಅದೇ ಜಾಗದಲ್ಲಿ ಲಮಾರ್ ಜ್ಯಾಕ್ಸನ್‌ನ ಚೆಂಡು 49 ಮೈಲಿ. ಆಮೇಲೆ ಲೀಗಿನ ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳುವಾಗ ಆಲನ್ 7ನೆಯವನಾಗಿ ಆಯ್ಕೆಯಾದ, ಜ್ಯಾಕ್ಸನ್ 32ನೆಯವನಾಗಿ. ಮರುವರ್ಷವೇ, 2019ರಲ್ಲಿ, ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಜ್ಯಾಕ್ಸನ್‌ಗೆ ಬಂತು, ಒಂದು ಮತವೂ ಆಚೀಚೆ ಹೋಗಲಿಲ್ಲ. 2023ರಲ್ಲಿ ಮತ್ತೆ ಬಂತು. 2024ರಲ್ಲಿ ಆಲನ್‌ಗೆ ಬಂತು. ರೇಡಾರ್ ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಚಿಕ್ಕದು. ಎದುರಿಗೆ ದೈತ್ಯರಿಲ್ಲ, ಮೈಮೇಲೆ ರಕ್ಷಾಕವಚವಿಲ್ಲ, ಗಾಳಿಯಿಲ್ಲ, ಮಳೆಯಿಲ್ಲ, ಮಾಡು ಮುಚ್ಚಿದ ಕ್ರೀಡಾಂಗಣ.

ತೋಳನ್ನೇ ನಂಬಿ ಕೆಟ್ಟವರ ಕತೆ ಬೇಕೆಂದರೆ ಜಮಾರ್ಕಸ್ ರಸೆಲ್. ಆರಡಿ ಆರಿಂಚಿನ ಆಳು. ಮಂಡಿಯೂರಿ ಕುಳಿತೇ 60 ಗಜ ಎಸೆಯುತ್ತಾನೆಂದು ಊರೆಲ್ಲ ಮಾತು. 2007ರ ಆಯ್ಕೆಯಲ್ಲಿ ಓಕ್ಲೆಂಡ್ ರೈಡರ್ಸ್ ಅವನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಮೂರು ಋತುಗಳಲ್ಲಿ ಅವನು ಮೊದಲಿನಿಂದ ಆಡಿದ ಪಂದ್ಯ 25, ಗೆದ್ದದ್ದು 7. 2010ರಲ್ಲಿ ಕೈಬಿಟ್ಟರು, ಮತ್ತೆ ಯಾವ ತಂಡಕ್ಕೂ ಆಡಲಿಲ್ಲ. ಇನ್ನೊಂದು ತುದಿಯಲ್ಲಿ ಟಾಮ್ ಬ್ರೇಡಿ. 2000ದ ಆಯ್ಕೆಯ ಹೊತ್ತಿಗೆ ಅವನ ಮೇಲೆ ಬರೆದ ವರದಿಯಲ್ಲಿ ಸಣಕಲು, ತೋಳು ಅಷ್ಟಕ್ಕಷ್ಟೆ, ಚೆಂಡಿನ ತಿರುಗು ಬಿಗಿಯಿಲ್ಲ ಎಂದೆಲ್ಲ ಇತ್ತು. ಆರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿಯಾದ ಮೇಲೆ 199ನೆಯವನಾಗಿ ಅವನ ಹೆಸರು ಬಂತು. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದ. ನನಗೆ ಇದಕ್ಕಿಂತ ಕುತೂಹಲದ ಸಂಗತಿ, ಈ ಇಬ್ಬರಿಗೂ ಎಸೆತ ತಿದ್ದಿದ ಗುರು ಒಬ್ಬರೇ, ಕ್ಯಾಲಿಫೋರ್ನಿಯಾದ ಟಾಮ್ ಮಾರ್ಟಿನೆಜ್. ಬ್ರೇಡಿಯನ್ನು ಹುಡುಗನಾಗಿದ್ದಾಗಿನಿಂದ ತಿದ್ದಿದರು. ರಸೆಲ್‌ನನ್ನು ಆಯ್ಕೆಗೆ ಮುಂಚೆ ಅಣಿಮಾಡಿದರು. ಬೀಜ ಒಂದೇ ಕೈಯಿಂದ ಬಿದ್ದರೂ ಎರಡು ಹೊಲದಲ್ಲಿ ಒಂದೇ ಬೆಳೆ ಬರುವುದಿಲ್ಲ ಎಂದು ರೈತನ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸರಿ, ಎಸೆತ ಹುಟ್ಟುವುದೆಲ್ಲಿ? ಬಾನುಲಿಯಲ್ಲಿ ತೋರಿಸಲಾರೆ, ಹೇಳುತ್ತೇನೆ. ಮನೆಯಲ್ಲಿ ಜಾಗವಿದ್ದರೆ ಎದ್ದು ನಿಂತು ಮಾಡಿ ನೋಡಬಹುದು, ತೆಂಗಿನಕಾಯಿ ಮಾತ್ರ ನಿಜವಾಗಿ ಎಸೆಯಬೇಡಿ.

ಬಲಗೈಯವರೆಂದುಕೊಳ್ಳಿ. ಎಡ ಹೆಗಲು ಗುರಿಯ ಕಡೆ. ಪಾದಗಳ ನಡುವೆ ಹೆಗಲಿಗಿಂತ ತುಸು ಹೆಚ್ಚು ಅಗಲ. ಚೆಂಡು ಎದೆಯ ಮಟ್ಟದಲ್ಲಿ, ಎರಡೂ ಕೈಯಲ್ಲಿ. ಬೆರಳುಗಳು ಲಾಡಿಯ ಮೇಲೆ, ತೋರುಬೆರಳು ತುದಿಯ ಹತ್ತಿರಕ್ಕೆ, ಅಂಗೈ ಮತ್ತು ಚೆಂಡಿನ ನಡುವೆ ಬೆಳಕು ಕಾಣುವಷ್ಟು ಸಂದು. ಭಾರ ಬಲಗಾಲಿನ ಮೇಲೆ. ಈಗ ಎಡಗಾಲನ್ನು ಗುರಿಯ ಕಡೆಗೆ, ಗುರಿಗಿಂತ ಕೂದಲೆಳೆಯಷ್ಟು ಎಡಕ್ಕೆ, ಚಿಕ್ಕದಾಗಿ ಇಡಿ. ಕಾಲು ನೆಲಕ್ಕೆ ತಾಗಿದ ಮೇಲೆ ಮೊದಲು ತಿರುಗಬೇಕಾದದ್ದು ಸೊಂಟ. ಹೆಗಲು ಇನ್ನೂ ಹಿಂದೆಯೇ ಇರಬೇಕು. ಸೊಂಟ ಮುಂದೆ ಹೋಗಿ ಹೆಗಲು ಹಿಂದೆ ಉಳಿದಾಗ ಹೊಟ್ಟೆ, ಪಕ್ಕೆಯ ಸ್ನಾಯುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ. ಆ ಹಿಂಡು ಬಿಚ್ಚಿಕೊಂಡಾಗ ಎದೆ ತಿರುಗುತ್ತದೆ, ಎದೆಯ ಹಿಂದೆ ಮೇಲ್ದೋಳು, ಅದರ ಹಿಂದೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಗಾಡಿ ಹೊಡೆಯುವವನ ಚಾವಟಿ ಕಣ್ಣಿಗೆ ತಂದುಕೊಳ್ಳಿ. ಹಿಡಿ ಅಲುಗುವುದು ಒಂದು ಗೇಣು, ತುದಿ ಚಟೀರ್ ಅನ್ನುತ್ತದೆ. ಹಿಡಿ ಎಂದರೆ ಇಲ್ಲಿ ಕಾಲು, ಸೊಂಟ. ತೋಳು ಬರೀ ಹುರಿ.

ಅದಕ್ಕೇ ತೋಳನ್ನು ನೋಡಿ ತೋಳಿನ ಜೋರು ಹೇಳುವುದು ಕಷ್ಟ. ಜಾವೆಲಿನ್ ಕಲಿಸುವಾಗ ಹುಡುಗರಿಗೆ ನಾನು ದಿನಕ್ಕೆ ನೂರು ಸಲ ಕೂಗುತ್ತಿದ್ದದ್ದು "ಎಡಗಾಲು ಗೂಟ!" ಎಂದು. ಓಡಿ ಬಂದ ವೇಗವನ್ನೆಲ್ಲ ಆ ಕಾಲು ಗೂಟದ ಹಾಗೆ ತಡೆದು ನಿಲ್ಲಿಸಿದರೆ ವೇಗ ಮೇಲಕ್ಕೆ ಹತ್ತುತ್ತದೆ, ಮಂಡಿ ಮಡಿಸಿದರೆ ಅಲ್ಲೇ ಸೋರಿಹೋಗುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಓಡಿ ಬರುವ ಭಾಗ್ಯವಿಲ್ಲ, ಗೂಟ ಮಾತ್ರ ಬೇಕೇ ಬೇಕು. ಹೆಜ್ಜೆ ಉದ್ದವಾದರೆ ಮೈ ಹಿಂದೆ ಉಳಿದು ಚೆಂಡು ಜೊತೆಗಾರನ ತಲೆಯ ಮೇಲೆ ಹಾರುತ್ತದೆ. ಪಾದ ಬಲಕ್ಕೆ ಬಿದ್ದರೆ ಸೊಂಟಕ್ಕೆ ಅಗುಳಿ ಹಾಕಿದ ಹಾಗೆ, ತಿರುಗುವುದೇ ಇಲ್ಲ, ಎಲ್ಲ ಹೊರೆಯೂ ಭುಜದ ಮೇಲೆ ಬೀಳುತ್ತದೆ. ಪಾದ ತೀರ ಎಡಕ್ಕೆ ಬಿದ್ದರೆ ಸೊಂಟ, ಹೆಗಲು ಎರಡೂ ಒಟ್ಟಿಗೆ ತೆರೆದುಕೊಂಡು ಹಿಂಡುವುದಕ್ಕೆ ಏನೂ ಉಳಿಯುವುದಿಲ್ಲ.

ಇನ್ನೊಂದು ತಪ್ಪು ಹೇಳಲೇಬೇಕು, ನನ್ನ ಮೊಮ್ಮಗನೂ ಅದನ್ನೇ ಮಾಡುತ್ತಿದ್ದ. ಚೆಂಡು ಬುಗುರಿಯಂತೆ ತಿರುಗುತ್ತ ಹೋಗಬೇಕಲ್ಲ, ಅದಕ್ಕೆ ಅವನು ಬಾಗಿಲ ಹಿಡಿ ತಿರುಗಿಸಿದಂತೆ ಮಣಿಕಟ್ಟು ತಿರುಚುತ್ತಿದ್ದ. ಬೇಡ. ಚೆಂಡು ಕೈಬಿಡುವಾಗ ಬೆರಳುಗಳು ಒಂದೊಂದಾಗಿ ಅದರ ಮೈಮೇಲಿಂದ ಜಾರುತ್ತವೆ, ತೋರುಬೆರಳು ಕೊನೆಯದು, ತಿರುಗು ಅಲ್ಲಿಂದಲೇ ಬರುತ್ತದೆ. ಬಿಟ್ಟ ಮೇಲೆ ಅಂಗೈ ಹೊರಮುಖವಾಗಿ, ಹೆಬ್ಬೆರಳು ನೆಲ ನೋಡುತ್ತ, ಕೈ ಎಡ ಜೇಬಿನ ಕಡೆಗೆ ಬರಬೇಕು. ಒಳ್ಳೆಯವರ ಚೆಂಡು ನಿಮಿಷಕ್ಕೆ ಸುಮಾರು 600 ಸುತ್ತು ಹಾಕುತ್ತದೆ, ಸೆಕೆಂಡಿಗೆ ಹತ್ತು. ಈ ತಿರುಗಿನಲ್ಲೊಂದು ಒಗಟಿದೆ. ತಿರುಗುವ ಬುಗುರಿ ತಾನು ನಿಂತ ದಿಕ್ಕನ್ನು ಬಿಟ್ಟುಕೊಡುವುದಿಲ್ಲ. ಹಾಗಾದರೆ ಮೂಗು ಮೇಲೆ ಮಾಡಿ ಎಸೆದ ಚೆಂಡು ಕೆಳಗಿಳಿಯುವಾಗಲೂ ಮೂಗು ಮೇಲೆ ಮಾಡಿಕೊಂಡೇ ಬರಬೇಕಲ್ಲವೇ? ಬರುವುದಿಲ್ಲ. ಹಾದಿ ಬಾಗಿದಂತೆ ಮೂಗನ್ನೂ ಬಾಗಿಸಿಕೊಂಡು ಇಳಿಯುತ್ತದೆ. ನೆಬ್ರಾಸ್ಕದ ಭೌತವಿಜ್ಞಾನಿ ತಿಮೊಥಿ ಗೇ ಮತ್ತು ಅವರ ಇಬ್ಬರು ಜೊತೆಗಾರರು 2020ರಲ್ಲಿ ಇದನ್ನು ಬಿಡಿಸಿದರು. ಗಾಳಿ ಮೂಗನ್ನು ಮೇಲಕ್ಕೆ ನೂಕಲು ನೋಡುತ್ತದೆ. ತಿರುಗುವ ವಸ್ತು ನೂಕಿದ ಕಡೆ ಹೋಗದೆ ಅಡ್ಡಕ್ಕೆ ಸರಿಯುತ್ತದೆ. ಹಾಗೆ ಸರಿಯುತ್ತ ಸರಿಯುತ್ತ ಮೂಗು ಹಾದಿಯ ಸುತ್ತಲೇ ಸಣ್ಣ ವೃತ್ತ ಬರೆಯುತ್ತ ಅದನ್ನೇ ಹಿಂಬಾಲಿಸುತ್ತದೆ. ಗಾಳಿಯೇ ಇಲ್ಲದ ಚಂದ್ರನಲ್ಲಿ ಎಸೆದರೆ ಮೂಗು ಮೇಲೆಯೇ ಉಳಿದೀತು.

ಎಸೆತಕ್ಕೆ ಒಂದೇ ಚೆಂದದ ರೂಪವಿದೆ ಎಂದು ನಾನು ನಂಬಿದ್ದೆ. ಅಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತ ನೋಡುತ್ತ ಆ ನಂಬಿಕೆ ಸಡಿಲವಾಯಿತು. ಟಿಮ್ ಟೀಬೋ ಎಡಗೈಯವನು, ಕಾಲೇಜಿನಲ್ಲಿ ಮಹಾಶೂರ. ಎಸೆಯುವ ಮುಂಚೆ ಚೆಂಡನ್ನು ಕೆಳಗಿಳಿಸಿ ನೀರು ಸೇದುವವನ ಹಾಗೆ ಸುತ್ತಿಸಿ ತರುತ್ತಿದ್ದ. 2010ರ ಆಯ್ಕೆಗೆ ಮುಂಚೆ ಅದನ್ನು ತಿದ್ದಲು ಬಹಳ ಹೆಣಗಿದರು. ಅಭ್ಯಾಸದಲ್ಲಿ ತಿದ್ದಿಕೊಂಡದ್ದು ದೈತ್ಯರು ನುಗ್ಗಿದಾಗ ಹಳೆಯ ದಾರಿಗೇ ಬರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಫಿಲಿಪ್ ರಿವರ್ಸ್‌ನ ಎಸೆತವೂ ವಿಕಾರವೇ, ಹೆಗಲ ಪಕ್ಕದಿಂದ ಗುಂಡು ತಳ್ಳಿದಂತೆ. ಆದರೆ ಚೆಂಡು ಎದೆಯಿಂದ ಹೊರಟು ಬಿಟ್ಟಾಯಿತು ಎನ್ನುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಅವನು ವರ್ಷಗಟ್ಟಲೆ ಆಡಿದ. ವಿಕಾರವಾದರೇನು, ಹೊತ್ತು ತಿನ್ನದಿದ್ದರೆ ಸರಿ.

ತೋಳು ಅಂದರೆ ಏನೆಂದು ನನಗೆ ಸರಿಯಾಗಿ ಕಲಿಸಿದವನು ಪೇಟನ್ ಮ್ಯಾನಿಂಗ್. 2011ರ ಹೊತ್ತಿಗೆ ಅವನು ಆಗಲೇ ದಂತಕತೆ. ಕತ್ತಿನ ನರ ಒತ್ತಿ ಬಲತೋಳಿನ ಹಿಂಬದಿಯ ಸ್ನಾಯು ಸೊರಗಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ, ಒಟ್ಟು ನಾಲ್ಕು. ಆ ನಡುವೆ ಒಂದು ದಿನ ಡೆನ್ವರ್‌ನಲ್ಲಿ, ಬೇಸ್‌ಬಾಲ್ ಆಡುವ ತನ್ನ ಕಾಲೇಜು ಗೆಳೆಯ ಟಾಡ್ ಹೆಲ್ಟನ್ ಜೊತೆ ಗುಟ್ಟಾಗಿ ಎಸೆದು ನೋಡಿದ. ಚೆಂಡು ಅರ್ಧ ಹಾದಿಗೂ ಹೋಗದೆ ಮುಗ್ಗರಿಸಿ ಬಿತ್ತು. ತಮಾಷೆ ಮಾಡುತ್ತಿದ್ದಾನೆಂದು ಹೆಲ್ಟನ್ ನಕ್ಕನಂತೆ. ತಮಾಷೆಯಾಗಿರಲಿಲ್ಲ.

ಆ ವರ್ಷ ಪೂರ್ತಿ ಮ್ಯಾನಿಂಗ್ ಆಡಲಿಲ್ಲ. ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹಳೆಯ ಗುರು ಡೇವಿಡ್ ಕಟ್‌ಕ್ಲಿಫ್ ಬಳಿಗೆ ಹೋಗಿ ಅಕ್ಷರಾಭ್ಯಾಸದಿಂದ ಶುರುಮಾಡಿದ. ಹೇಗೆ ನಿಲ್ಲಬೇಕು, ಹೇಗೆ ಹಿಡಿಯಬೇಕು, ಎಲ್ಲವೂ ಹೊಸದಾಗಿ. ಗುರು ಅವನನ್ನು ಅಳೆದ ಬಗೆ ನನಗೆ ಬಲು ಮೆಚ್ಚುಗೆ. ಹಳೆಯ ಜೊತೆಗಾರರನ್ನು ಕರೆಸಿ, ಹಿಂದೆ ಗೆದ್ದ ಒಂದು ದೊಡ್ಡ ಪಂದ್ಯವನ್ನು ಎಸೆತಕ್ಕೆ ಎಸೆತ ಮತ್ತೆ ಆಡಿಸಿದರು. ಚಿತ್ರೀಕರಿಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ರೇಡಾರ್ ಹಿಡಿದಿದ್ದರೆ ಅವನು ಸೋತು ಮನೆಗೆ ಹೋಗಬೇಕಿತ್ತು. ಇವರು ಕೇಳಿದ ಪ್ರಶ್ನೆ ಬೇರೆ: ಆಗ ಮುಟ್ಟುತ್ತಿದ್ದ ಹೊತ್ತಿಗೆ ಈಗಲೂ ಮುಟ್ಟುತ್ತಿದೆಯೇ?

2013ರಲ್ಲಿ, ಮೊದಲಿನ ತೋಳಿಲ್ಲದೆ, ಬೆರಳ ತುದಿಯ ಸ್ಪರ್ಶವೂ ಪೂರ್ತಿ ಮರಳದೆ, ಮ್ಯಾನಿಂಗ್ 5,477 ಗಜ ಎಸೆದು, ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ 55 ಟಚ್‌ಡೌನ್ ಗಳಿಸಿಕೊಟ್ಟ. ಒಂದು ಋತುವಿಗೆ ಅದಕ್ಕಿಂತ ಹೆಚ್ಚು ಅಲ್ಲಿಯ ತನಕ ಯಾರೂ ಮಾಡಿರಲಿಲ್ಲ. ಅವನ ಚೆಂಡು ಒದ್ದಾಡುತ್ತಿತ್ತು. ಹಾಗೆ ಒದ್ದಾಡುವ ಚೆಂಡಿಗೆ ಅಲ್ಲಿ ಬಾತುಕೋಳಿ ಎನ್ನುತ್ತಾರೆ. ಎದುರಾಳಿಯೊಬ್ಬ ಹಾಗೆ ಹಂಗಿಸಿದಾಗ, ಹೌದು, ಬಾತುಕೋಳಿಯೇ, ಅದರಿಂದಲೇ ಇಷ್ಟೆಲ್ಲ ಆಯಿತು ಎಂಬ ಅರ್ಥದ ಮಾತಾಡಿ ಸುಮ್ಮನಾದ. ಆ ಎದುರಾಳಿಯ ತಂಡವೇ ಸೂಪರ್ ಬೌಲ್‌ನಲ್ಲಿ ಅವನ ತಂಡವನ್ನು 43–8ರಿಂದ ಜಜ್ಜಿಹಾಕಿತು ಎಂಬುದನ್ನೂ ಹೇಳದೆ ಬಿಟ್ಟರೆ ಮೋಸವಾದೀತು.

ಇನ್ನು ಓಹಾಯೋದ್ದೇ ಕತೆ, ಸಿನ್ಸಿನಾಟಿ ನಗರದ್ದು. 1969ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೆ ಗ್ರೆಗ್ ಕುಕ್ ಎಂಬ ತರುಣ ಬಂದ. ಅಂಥ ತೋಳು ಮತ್ತೆ ನೋಡಲಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ಮೊದಲ ವರ್ಷವೇ ಭುಜಕ್ಕೆ ಪೆಟ್ಟಾಗಿ ಅವನ ಆಟ ಮುಗಿದಂತೆಯೇ ಆಯಿತು. 1970ರಲ್ಲಿ ಆ ಜಾಗಕ್ಕೆ ಸಿಕ್ಕಿದವನು ವರ್ಜಿಲ್ ಕಾರ್ಟರ್. ತೋಳು ಸಾಧಾರಣ, ತಲೆ ಚುರುಕು, ಗುರಿ ನಿಖರ. ಸಹಾಯಕ ಕೋಚ್ ಆಗಿದ್ದ ಬಿಲ್ ವಾಲ್ಶ್ ಇವನ ತೋಳನ್ನು ಬಲಪಡಿಸುವ ಗೋಜಿಗೆ ಹೋಗದೆ ಆಟವನ್ನೇ ತಿರುಗಿಸಿದರು. ಉದ್ದಕ್ಕೆ ಎಸೆಯುವ ಬದಲು ಮೈದಾನದ ಅಗಲವನ್ನು ಬಳಸಿ ಚಿಕ್ಕ ಚಿಕ್ಕ ಎಸೆತ. ಎಸೆಯುವವನು ಮೂರು ಹೆಜ್ಜೆ ಹಿಂದಿಟ್ಟರೆ ಜೊತೆಗಾರ ಇಲ್ಲಿರಬೇಕು, ಐದಿಟ್ಟರೆ ಅಲ್ಲಿ. ಇಬ್ಬರ ಹೆಜ್ಜೆಗೂ ಒಂದೇ ತಾಳ. 1971ರಲ್ಲಿ ಕಾರ್ಟರ್ ನೂರಕ್ಕೆ 62 ಎಸೆತ ಮುಟ್ಟಿಸಿ ಲೀಗಿಗೇ ಮೊದಲಿಗನಾದ.

ಸಿನ್ಸಿನಾಟಿಯವರು ಆಮೇಲೆ ವಾಲ್ಶ್ ಅವರನ್ನು ಮುಖ್ಯ ಕೋಚ್ ಮಾಡಲಿಲ್ಲ. ಅವರು ಸ್ಯಾನ್ ಫ್ರಾನ್ಸಿಸ್ಕೊ ಸೇರಿ 1979ರಲ್ಲಿ 82ನೆಯ ಆಯ್ಕೆಯಾಗಿ ಒಬ್ಬನನ್ನು ತಂದರು, ತೋಳು ಸಾಲದು ಎಂಬ ಹೆಸರಿದ್ದವನು, ಜೋ ಮೊಂಟಾನ. ನಾಲ್ಕು ಸೂಪರ್ ಬೌಲ್ ಗೆದ್ದ. ಅದರಲ್ಲಿ ಎರಡರಲ್ಲಿ, 1982ರ ಮತ್ತು 1989ರ ಜನವರಿಗಳಲ್ಲಿ, ಸೋತ ತಂಡ ಯಾವುದು ಗೊತ್ತೇ? ಸಿನ್ಸಿನಾಟಿ ಬೆಂಗಾಲ್ಸ್. ಎರಡನೆಯ ಸಲವಂತೂ ಕೊನೆಯ 34 ಸೆಕೆಂಡು ಉಳಿದಿರುವಾಗ, 10 ಗಜದ ಪುಟ್ಟ ಎಸೆತದಲ್ಲಿ. ತಮ್ಮ ಹಿತ್ತಲಲ್ಲಿ ಹುಟ್ಟಿದ ವಿದ್ಯೆಯಿಂದಲೇ ಎರಡು ಸಲ ಸೋತರು. ಮಗಳ ಪಕ್ಕದ ಮನೆಯ ಮುದುಕರು ಈ ಮಾತೆತ್ತಿದರೆ ಕಾಫಿ ಲೋಟ ಕೆಳಗಿಡುತ್ತಿದ್ದರು.

ಜಾಶ್ ಆಲನ್‌ಗೆ ತೋಳಿದ್ದೂ ಸಾಲಲಿಲ್ಲ. ಬಫೆಲೊ ತಂಡದಲ್ಲಿ ಮೊದಲ ವರ್ಷ ಅವನ ನೂರು ಎಸೆತದಲ್ಲಿ ಮುಟ್ಟಿದ್ದು 53ರಷ್ಟು. ಮರುವರ್ಷ 59ರ ಹತ್ತಿರ. ಬಿಡುವಿನ ತಿಂಗಳುಗಳಲ್ಲಿ ಜಾರ್ಡನ್ ಪಾಮರ್ ಎಂಬ ಗುರುವಿನ ಬಳಿ ಕಾಲು, ಸೊಂಟ, ಹೆಗಲಿನ ಸರದಿಯನ್ನು ತಿದ್ದಿಕೊಂಡ. 2020ರಲ್ಲಿ 69 ದಾಟಿತು. ಅದೇ ವರ್ಷ ಸ್ಟೆಫಾನ್ ಡಿಗ್ಸ್ ಎಂಬ ಅಪ್ಪಟ ಹಿಡಿಗಾರ ತಂಡಕ್ಕೆ ಬಂದಿದ್ದ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೋಳು ಮಾತ್ರ 62 ಮೈಲಿಯದೇ, ಮೊದಲಿನದೇ. ಇನ್ನೊಂದು ತಮಾಷೆ. ಆಲನ್‌ನಂಥ ತೋಳು ಬೇಕೇ ಬೇಕು, ಬಫೆಲೊದ ಗಾಳಿ ಅಂಥದ್ದು ಎನ್ನುತ್ತಾರೆ. 2021ರ ಡಿಸೆಂಬರ್ 6ರಂದು ಅಲ್ಲಿ ಬಿರುಗಾಳಿ ಎದ್ದಿತ್ತು. ಎದುರಾಳಿ ನ್ಯೂ ಇಂಗ್ಲೆಂಡ್ ತಂಡ ಇಡೀ ಪಂದ್ಯದಲ್ಲಿ ಎಸೆದದ್ದು ಮೂರೇ ಮೂರು ಸಲ. 14–10ರಲ್ಲಿ ಅವರೇ ಗೆದ್ದರು.

ನನ್ನ ಮೊಮ್ಮಗನಿಗೆ ಈ ಕತೆಗಳೆಲ್ಲ ಬೇಕಿರಲಿಲ್ಲ. ಅವನ ದೇವರು ಜೋ ಬರೋ, ಈಗಿನ ಸಿನ್ಸಿನಾಟಿಯವನು, ಓಹಾಯೋದಲ್ಲೇ ಬೆಳೆದವನು. 2020ರ ಪರೀಕ್ಷೆಯಲ್ಲಿ ಅವನ ಅಂಗೈ ಅಳೆದು 9 ಇಂಚೇ ಎಂದು ಮೂಗೆಳೆದರಂತೆ. ಹಾಗಾದರೆ ಆಟ ಬಿಟ್ಟುಬಿಡುವುದೇ ವಾಸಿ ಎಂದು ಅವನು ನಗೆಯಾಡಿದ. ಆ ವರ್ಷದ ಮೊದಲ ಆಯ್ಕೆ ಅವನೇ.

ಹಿತ್ತಲ ಹುಲ್ಲಿನ ಮೇಲೆ ನಾವಿಬ್ಬರೂ ಸುಣ್ಣದ ಗೆರೆ ಎಳೆದೆವು. ಎಡಗಾಲು ಬೀಳಬೇಕಾದ ಕಡೆ ಮಗಳ ಹಳೆಯ ಕಾಲೊರಸು. ಮೊದಲ ಎರಡು ವಾರ ಚೆಂಡನ್ನೇ ಕೊಡಲಿಲ್ಲ, ಬರೀ ಹೆಜ್ಜೆ, ಸೊಂಟ. "ತಾತ, ಇದು ಫುಟ್‌ಬಾಲೋ ಭರತನಾಟ್ಯವೋ?" ಎಂದು ಕೇಳಿದ. ಎರಡಕ್ಕೂ ತಾಳವೇ ಮುಖ್ಯ ಕಣಪ್ಪ ಎಂದೆ. ಆಮೇಲೆ ಚೆಂಡು ಕೊಟ್ಟು, ಎದೆಯಿಂದ ಅಲುಗಿದ ಕ್ಷಣಕ್ಕೆ ವಾಚು ಒತ್ತಿ, ಅಳಿಯನ ಕೈಗೆ ತಾಗಿದ ಕ್ಷಣಕ್ಕೆ ನಿಲ್ಲಿಸಿದೆ. ಹೆಬ್ಬೆರಳಿನ ವಾಚು ಅಷ್ಟು ಸೂಕ್ಷ್ಮ ಹಿಡಿಯುವುದಿಲ್ಲ, ಗೊತ್ತು. ಅಳಿಯ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಚಿತ್ರಗಳನ್ನು ಎಣಿಸಿದ. ಲೆಕ್ಕ ಅವನದು, ಒತ್ತುವ ಖುಷಿ ನನ್ನದು. ಮೊದಲು ಸುತ್ತು ಹಾಕಿ ಬರುತ್ತಿದ್ದ ಕೈ ದಿನ ಕಳೆದಂತೆ ಹತ್ತಿರದ ದಾರಿ ಹಿಡಿಯಿತು. ದೂರ ಎಷ್ಟು ಹೆಚ್ಚಿತೆಂದು ನಾವು ನೋಡಲೇ ಇಲ್ಲ.

ಕೋಚು ಅವನನ್ನು ಮತ್ತೆ ನೋಡಲು ಒಪ್ಪಿದರೆಂಬ ಸುದ್ದಿ ಬರುವ ಹೊತ್ತಿಗೆ ನಾನು ಊರಿಗೆ ಮರಳಿದ್ದೆ. ಆ ದಿನದ ವಿಡಿಯೊ ಮಗಳು ಕಳಿಸಿದ್ದಳು. ಗೆರೆಯ ಮೇಲೆ ಹುಡುಗರ ಸಾಲು, ಮತ್ತೆ ಅದೇ ದೂರದ ಪರೀಕ್ಷೆಯೋ ಏನೋ. ಮೊಮ್ಮಗ ಎಸೆದ. ಚೆಂಡು ಚೌಕಟ್ಟಿನ ಆಚೆ ಹೋಯಿತು, ಎಲ್ಲಿ ಬಿತ್ತೆಂದು ಕಾಣಲಿಲ್ಲ. "ಹೇಗಿತ್ತು ತಾತ?" ಎಂದು ಕೆಳಗೆ ಬರೆದಿದ್ದ. ಮೂರು ಸಲ ತಿರುಗಿಸಿ ನೋಡಿದೆ. ಎಡಗಾಲು ಗೂಟದ ಹಾಗೆ ಬಿದ್ದಿತ್ತು. ಅದನ್ನೇ ಬರೆದು ಕಳಿಸಿದೆ.